ಮರಡಿ ಹತ್ತಿದ ಗುರುವಾರ

ಕಮಲಾಪುರ
೩ ಏಪ್ರಿಲ್ ೨೦೨೪

ಪೂಜ್ಯ ಪದ್ಮಜಾ ಮೇಡಂ ಅವರಿಗೆ, ಸಪ್ನಾಳ ನಮಸ್ಕಾರಗಳು.

ನೀವು ನಿವೃತ್ತರಾದ ವರ್ಷ ಎಂ.ಎ. ಇತಿಹಾಸ ತರಗತಿಯ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ತಾಜಸುಲ್ತಾನಪುರದ ಸಪ್ನಾ ನಾನು. ಮರೆತಿರಲಾರಿರಿ. ನನ್ನಷ್ಟು ಪ್ರಶ್ನೆ ಕೇಳಿ ತಲೆ ತಿಂದವರು ಇನ್ನೊಬ್ಬರಿಲ್ಲ ಎಂದು ನೀವೇ ಬೈಯುತ್ತಿದ್ದಿರಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಹಬ್ಬಕ್ಕೊಮ್ಮೆ ಫೋನಿನಲ್ಲಿ ಶುಭಾಶಯ ಕಳಿಸುತ್ತಿದ್ದೆ. ಇನ್ನು ಮೇಲೆ ಅದೂ ಬರುವುದಿಲ್ಲ. ನಮ್ಮ ಸಭೆಯವರೆಲ್ಲ ಈಸ್ಟರ್ ದಿನ ಸಂಜೆ ಫೋನುಗಳನ್ನು ಒಂದು ಟ್ರಂಕಿನೊಳಗಿಟ್ಟು ಬೀಗ ಹಾಕಿದ್ದೇವೆ. ಹಾಗಾಗಿ ಈ ಕಾಗದ. ನಿಮ್ಮ ಓಣಿಯ ಬಾಯಲ್ಲಿ ನಮ್ಮೂರ ಕೆಂಪು ಬಾಳೆಹಣ್ಣು ಮಾರುವ ಬಷೀರುನ್ನೀಸಾ ನಮ್ಮ ಪಕ್ಕದ ಮನೆಯವರು. ದಿನಾ ಬಸ್ಸಿಗೆ ಬಂದು ಹೋಗುತ್ತಾರೆ. ಉತ್ತರ ಬರೆದರೆ ಅವರ ಕೈಗೇ ಕೊಡಿ.

ನಾನೂ ನಮ್ಮ ಮನೆಯವರು ದತ್ತಪ್ಪನೂ ಎರಡು ವರ್ಷದಿಂದ ಇಲ್ಲಿಯ ಒಂದು ಸಣ್ಣ ಕ್ರೈಸ್ತ ಸಭೆಯಲ್ಲಿದ್ದೇವೆ. ಚರ್ಚಿನ ಕಟ್ಟಡವಿಲ್ಲ, ಪಾಸ್ಟರ್ ಪ್ರಭುದಾಸರ ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಪಾಸ್ಟರ್ ಹೇಳುವುದು ಇಷ್ಟು: ಯೇಸುಸ್ವಾಮಿ ಪರಲೋಕಕ್ಕೆ ಏರಿದ ದಿನದಂದೇ, ಅಂದರೆ ಬರುವ ಮೇ ಒಂಬತ್ತರ ಗುರುವಾರ, ತಿರುಗಿ ಬರುತ್ತಾರೆ. ಸತ್ತವರು ಎದ್ದು ಬರುತ್ತಾರೆ, ಲೋಕ ಅಲ್ಲಿಗೆ ಮುಗಿಯುತ್ತದೆ. ಅವತ್ತು ನಾವೆಲ್ಲ ಪಡಸಾಲೆಯಲ್ಲಿ ಪ್ರಾರ್ಥನೆ ಮಾಡುತ್ತ ಕಾಯಬೇಕು. ಸಭೆಯ ಅರ್ಧ ಜನ ನಂಬಿದ್ದಾರೆ, ಉಳಿದವರು ನಂಬಿದಂತೆ ತಲೆಯಾಡಿಸುತ್ತಾರೆ. ನಮ್ಮ ಮನೆಯವರದು ಪೂರ್ತಿ ನಂಬಿಕೆ. ಗೌಂಡಿ ಕೆಲಸ ಬಿಟ್ಟು ಕುಳಿತಿದ್ದಾರೆ. ಅರ್ಧ ಎಬ್ಬಿಸಿ ಬಿಟ್ಟ ಗೋಡೆಯ ಮಾಲೀಕ ದಿನಾ ಬಂದು ನಮ್ಮ ಬಾಗಿಲು ಬಡಿದು ಹೋಗುತ್ತಾನೆ.

ನಾನು ಯಾವ ಅರ್ಧದಲ್ಲಿದ್ದೇನೆ ಎಂಬುದು ನನಗೇ ತಿಳಿಯದು. ಮೊನ್ನೆ ನಮ್ಮ ಮನೆಯವರೇ ಹೇಳಿದರು: "ನಿಮ್ಮ ಮೇಡಂ ಇದರ ಮ್ಯಾಲೇ ಪಿಎಚ್‌ಡಿ ಮಾಡ್ಯಾರ ಅಂತಿದ್ದಿಯಲ್ಲ, ಅವರಿಗೇ ಕೇಳು. ಮೊದಲಿನ ಕ್ರೈಸ್ತರೂ ಹಿಂಗ ಕಾಯ್ತಿದ್ರೋ ಇಲ್ಲೋ?" ಅದಕ್ಕೇ ಕೇಳುತ್ತಿದ್ದೇನೆ. ಇದ್ದದ್ದು ಇದ್ದ ಹಾಗೆ ಬರೆಯಿರಿ. ಸ್ವಲ್ಪ ಸುಸ್ತು ಬಿಟ್ಟರೆ ನಾನು ಆರಾಮವಾಗಿದ್ದೇನೆ.

ನಿಮ್ಮ ವಿದ್ಯಾರ್ಥಿನಿ
ಸಪ್ನಾ


ಬ್ರಹ್ಮಪುರ, ಕಲಬುರಗಿ
೫ ಏಪ್ರಿಲ್ ೨೦೨೪

ಪ್ರೀತಿಯ ಸಪ್ನಾ,

ನಿವೃತ್ತಳಾದ ಮೇಲೆ ನನಗೆ ಬರುವ ಕಾಗದವೆಂದರೆ ಕರೆಂಟಿನ ಬಿಲ್ಲು ಮತ್ತು ಮಠದ ಆರಾಧನೆಯ ಕರಪತ್ರ. ಬಷೀರುನ್ನೀಸಾ ಹಣ್ಣಿನ ಬುಟ್ಟಿಯಿಂದ ನಿನ್ನ ಕಾಗದ ತೆಗೆದು "ಬಾಯಿ, ನಿಮಗ ಚಿಠ್ಠಿ ಬಂದದ ನೋಡ್ರಿ" ಎಂದಾಗ ನಾನು ಅವಳಿಂದ ಎರಡು ಡಜನ್ ಹಣ್ಣು ಕೊಂಡುಬಿಟ್ಟೆ. ನನಗೆ ಸಕ್ಕರೆ ಕಾಯಿಲೆ ಇರುವುದು ನೆನಪಾದದ್ದು ಆಮೇಲೆ. ಇತಿಹಾಸದ ಪ್ರಶ್ನೆ ಕೇಳುವವರು ಇನ್ನೂ ಇದ್ದಾರಲ್ಲ ಎಂದು ಅಷ್ಟು ಹಿಗ್ಗಾಯಿತು.

ನಿಮ್ಮ ಪಾಸ್ಟರ್ ಹೇಳಿದ್ದರಲ್ಲಿ ಸುಳ್ಳಿಲ್ಲ. ಮೊದಲ ತಲೆಮಾರಿನ ಕ್ರೈಸ್ತರು ತಾವು ಕಣ್ಣು ಮುಚ್ಚುವುದರೊಳಗೆ ಸ್ವಾಮಿ ಬಂದೇ ಬರುತ್ತಾನೆ ಎಂದು ನಂಬಿದ್ದರು. "ನಮ್ಮ ಒಡೆಯನೇ ಬಾ" ಎಂಬುದು ಅವರು ಕೂಡಿದಾಗಲೆಲ್ಲ ಹೇಳುತ್ತಿದ್ದ ಪ್ರಾರ್ಥನೆ. ಗ್ರೀಕರ ಒಂದು ಬಂದರು ಪಟ್ಟಣದಲ್ಲಿ ಕೆಲವರು ಹೇಗೂ ಲೋಕ ಮುಗಿಯುತ್ತದೆ ಎಂದು ದುಡಿಯುವುದನ್ನೇ ಬಿಟ್ಟರು, ನಿಮ್ಮ ದತ್ತಪ್ಪನ ಹಾಗೆ. ಮುಂದೆ ಫ್ರಿಜಿಯಾ ಎಂಬ ಸೀಮೆಯಲ್ಲಿ ಇಬ್ಬರು ಹೆಂಗಸರು ಪ್ರವಾದನೆ ಹೇಳತೊಡಗಿದರು. ಸ್ವರ್ಗದ ಪಟ್ಟಣ ತಮ್ಮ ಸಣ್ಣ ಊರಿಗೇ ಇಳಿದು ಬರುತ್ತದೆ ಎಂದು ಜನ ಅಲ್ಲಿಗೆ ಬಂದು ಸೇರಿದರು. ನಿಮ್ಮ ಕಮಲಾಪುರದಷ್ಟೇ ಊರು ಅಂತ ಇಟ್ಟುಕೋ. ಇವರನ್ನು ಹುಚ್ಚರು ಎಂದು ನಗುವುದು ಸುಲಭ, ನಾನು ನಗುವುದಿಲ್ಲ. ಅಷ್ಟು ಗಟ್ಟಿಯಾಗಿ ನಂಬಿದವರು ಚರಿತ್ರೆಯಲ್ಲಿ ಕಡಿಮೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಸಿರಿಯಾ ದೇಶದ ಒಬ್ಬ ಸಭಾಧ್ಯಕ್ಷನ ಕಥೆ. ಸ್ವಾಮಿ ಬರುವ ಕಾಲ ಬಂತು ಎಂದು ಅವನು ತನ್ನ ಜನರನ್ನೆಲ್ಲ ಕರೆದ. ಮನೆಮಠ ಬಿಟ್ಟು, ಎಳೆಗೂಸುಗಳನ್ನು ಎತ್ತಿಕೊಂಡ ಹೆಂಗಸರೂ ಸೇರಿ, ಅವರೆಲ್ಲ ಸ್ವಾಮಿಯನ್ನು ಎದುರುಗೊಳ್ಳಲು ಊರಾಚೆಯ ಬಯಲು ಬೆಟ್ಟಗಳಿಗೆ ಹೊರಟೇಬಿಟ್ಟರು!

ಮುಂದೇನಾಯಿತು? ಅದನ್ನು ಈಗ ಹೇಳುವುದಿಲ್ಲ. ಗಂಟೆ ಹೊಡೆಯುವ ಹೊತ್ತಿಗೆ ಕಥೆಯನ್ನು ಕೊಕ್ಕೆಗೆ ಹಾಕಿ ಹೊರಟುಬಿಡುವುದು ನನ್ನ ಹಳೆಯ ಚಾಳಿ, ನಿನಗೆ ಗೊತ್ತಿದ್ದದ್ದೇ. ಕೇಳಿ ಕಾಗದ ಬರೆ, ಹೇಳುತ್ತೇನೆ. ಸುಸ್ತು ಎಂದಿದ್ದೀ, ರಕ್ತ ತೋರಿಸಿಕೋ.

ಆಶೀರ್ವಾದಗಳೊಂದಿಗೆ
ಪದ್ಮಜಾ


ಕಮಲಾಪುರ
೧೦ ಏಪ್ರಿಲ್ ೨೦೨೪

ಪೂಜ್ಯ ಮೇಡಂ,

ಕಥೆಯ ಉಳಿದ ಭಾಗವನ್ನು ತಕ್ಷಣ ಬರೆದು ಕಳಿಸಿ. ದಯವಿಟ್ಟು ಇಂದೇ.

ನಿಮ್ಮ ಕಾಗದವನ್ನು ಓದುತ್ತಿದ್ದಾಗ ನಮ್ಮ ಮನೆಯವರು ಹೆಗಲ ಮೇಲಿಂದ ಓದಿದರು, ಅವರ ಕಣ್ಣು ತುಂಬಿ ಬಂತು. ಬೇಡವೆನ್ನುವುದರೊಳಗೆ ಕಾಗದ ಪಾಸ್ಟರ್ ಕೈಯಲ್ಲಿತ್ತು. ಭಾನುವಾರ ಆರಾಧನೆಯಲ್ಲಿ ಅವರು ಅದನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು. "ನಾ ಹೇಳಿದ್ರ ನಿಮಗ ಅನುಮಾನ. ಇದನ್ನ ಬರೆದಾರು ನಮ್ಮವರಲ್ಲ, ಬ್ರಹ್ಮಪುರದ ಬ್ರಾಹ್ಮಣರ ಬಾಯಿ, ಪ್ರೊಫೆಸರ್ರು. ಮೊದಲಿನ ಭಕ್ತರು ಕೂಸುಗಳನ್ನ ಎತ್ತಿಕೊಂಡು ಬಯಲಿಗೆ ಹೋಗ್ಯಾರ. ನಾವ್ಯಾಕ ಫ್ಯಾನಿನ ಬುಡಕ ಕುಂತು ಕಾಯಾಕತ್ತೀವಿ?" ಎಂದರು.

ಮೇಡಂ, ಅಲ್ಲಿಯವರೆಗೆ ಎಲ್ಲ ಪಡಸಾಲೆಯಲ್ಲೇ ಮುಗಿಯುವುದಿತ್ತು. ಈಗ ಗುರುವಾರ ಬೆಳಿಗ್ಗೆ ಊರ ಹೊರಗಿನ ಮರಡಿ ಹತ್ತಬೇಕು ಎಂದು ತೀರ್ಮಾನವಾಗಿದೆ. ಅದು ಕಲ್ಲಿನ ದಿಬ್ಬ, ಒಂದು ಗಿಡದ ನೆರಳಿಲ್ಲ. ಸ್ವಾಮಿ ಬರುವವರೆಗೆ ಹನಿ ನೀರೂ ಮುಟ್ಟಬಾರದು. ಸುಮ್ಮನೆ ತಲೆಯಾಡಿಸುತ್ತಿದ್ದವರೂ ನಿಮ್ಮ ಕಾಗದ ಕೇಳಿದ ಮೇಲೆ ಹೊರಡಲು ತಯಾರಾಗಿದ್ದಾರೆ.

ನಿಮಗೆ ತಿಳಿಸದ ಒಂದು ಸಂಗತಿ ಇದೆ. ನನಗೀಗ ಏಳನೇ ತಿಂಗಳು. ಎಳೆಗೂಸುಗಳನ್ನು ಎತ್ತಿಕೊಂಡ ಹೆಂಗಸರು ಎಂಬಲ್ಲಿಗೆ ಪಾಸ್ಟರ್ ಬಂದಾಗ ಇಡೀ ಪಡಸಾಲೆ ನನ್ನ ಕಡೆ ತಿರುಗಿ ನೋಡಿತು. ಅಂಥ ದಿನಗಳಲ್ಲಿ ಬಸುರಿಯರ ಪಾಡು ಕಷ್ಟ ಎಂದು ಬೈಬಲ್ ವಾಕ್ಯದಲ್ಲೂ ಬರುತ್ತದೆ. ನನಗೆ ಭಯವಾಗುತ್ತಿದೆ.

ಸಪ್ನಾ


ಬ್ರಹ್ಮಪುರ, ಕಲಬುರಗಿ
೧೧ ಏಪ್ರಿಲ್ ೨೦೨೪

ಸಪ್ನಾ,

ಕಾಗದ ಈಗಷ್ಟೇ ಓದಿದೆ. ಬಷೀರುನ್ನೀಸಾಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮುಂದಾದದ್ದು ಇದು. ಆ ಸಿರಿಯಾದ ಜನ ಬೆಟ್ಟಗಳಲ್ಲಿ ದಿಕ್ಕುತಪ್ಪಿ ಅಲೆದರು. ಯಾರೂ ಇಳಿದು ಬರಲಿಲ್ಲ. ಇವರು ದರೋಡೆಕೋರರ ಗುಂಪೆಂದು ತಿಳಿದ ಅಧಿಕಾರಿ ಸೈನಿಕರನ್ನು ಕಳಿಸಿ ಕೊಲ್ಲಿಸುವುದರಲ್ಲಿದ್ದ. ಅವನ ಹೆಂಡತಿ ಕ್ರೈಸ್ತಳಾಗಿದ್ದಳು, ಅವಳು ಕಾಡಿ ಬೇಡಿದ್ದಕ್ಕೆ ಜೀವ ಉಳಿಯಿತು. ತಲೆ ತಗ್ಗಿಸಿ ಊರಿಗೆ ಮರಳಿದರು. ಪೊಂತ ಎಂಬ ಸೀಮೆಯ ಇನ್ನೊಬ್ಬ ಕನಸು ಕಂಡು, ವರ್ಷದೊಳಗೆ ಲೋಕ ಮುಗಿಯುತ್ತದೆ ಎಂದ. ಜನ ಹೊಲ ಬಿತ್ತದೆ ಬಿಟ್ಟರು, ದನಕರು ಮಾರಿದರು. ವರ್ಷ ಬಂತು, ಹೋಯಿತು. ಎಲ್ಲ ಮಾರಿಕೊಂಡವರು ಭಿಕ್ಷೆಗೆ ನಿಂತರು. ಇದನ್ನೆಲ್ಲ ಬರೆದಿಟ್ಟವನು ಇವರ ಶತ್ರುವಲ್ಲ, ಅವನೂ ಕ್ರೈಸ್ತ ಗುರುವೇ. ತನ್ನ ಜನ ಹೀಗೆ ಮೋಸಹೋಗಬಾರದೆಂದು ಬರೆದ.

ಈ ಕಾಗದವನ್ನೂ ಭಾನುವಾರ ಗಟ್ಟಿಯಾಗಿ ಓದಿಸು. ಮೇ ತಿಂಗಳಲ್ಲಿ ನಮ್ಮ ಕಡೆಯ ಬಿಸಿಲು ಹೇಗಿರುತ್ತದೆಂದು ನಿನಗೆ ಹೇಳಬೇಕೇ? ತುಂಬಿದ ಬಸುರಿ ಬರಿಗಲ್ಲಿನ ಮೇಲೆ ನೀರಿಲ್ಲದೆ ಕೂರುವುದೆಂದರೇನು? ನಿನ್ನಂಥ ಜಾಣೆ ಆ ಪಡಸಾಲೆಗೆ ಹೋಗಿ ಸೇರಿದ್ದೇಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ನೀನು ಹೋಗಕೂಡದು. ಹೋಗುತ್ತೇನೆಂದು ಹಟ ಹಿಡಿದರೆ ನಾನು ಪೊಲೀಸರಿಗೆ ಹೇಳುವವಳೇ.

ಪದ್ಮಜಾ


ಕಮಲಾಪುರ
೧೯ ಏಪ್ರಿಲ್ ೨೦೨೪

ಮೇಡಂ ಅವರಿಗೆ,

ನಿಮ್ಮ ಎರಡನೆಯ ಕಾಗದವನ್ನು ಪಾಸ್ಟರ್ ಓದಿದರು. ಮುಚ್ಚಿಡಲಿಲ್ಲ. ಓದಿ, ಮಡಚಿ, "ಅವರು ದಿನ ತಪ್ಪು ತಿಳಕೊಂಡಿದ್ರು, ಪಾಪ" ಎಂದರು. ಅಷ್ಟೇ. ಮೊದಲನೆಯ ಕಾಗದ ಕೇಳಿದಾಗ ಅತ್ತ ಜನ ಇದನ್ನು ಕೇಳಿ ಆಕಳಿಸಿದರು.

ಪೊಲೀಸರ ಮಾತು ಎತ್ತಬೇಡಿ. ಅವರು ಬಂದರೆ ಒಬ್ಬರೇ ಬರುವುದಿಲ್ಲ, ಹಿಂದೆ ಇನ್ನೊಂದು ಗುಂಪು ಬರುತ್ತದೆ. ಆ ಗುಂಪಿಗೆ ನನ್ನ ಬಸಿರಿನ ಚಿಂತೆ ಇರುವುದಿಲ್ಲ. ಪಡಸಾಲೆ ಮುಚ್ಚಿಸಿ, ಯಾರು ಯಾರನ್ನು ಮತಾಂತರ ಮಾಡಿದರು ಎಂದು ಪಾಸ್ಟರ್ ಕೊರಳಪಟ್ಟಿ ಹಿಡಿಯುತ್ತಾರೆ. ಆಗ ಬೇಡವೆನ್ನುವವರೂ ಮರಡಿ ಹತ್ತುತ್ತಾರೆ, ನಾನೇ ಮೊದಲು ಹತ್ತುತ್ತೇನೆ.

ಆ ಪಡಸಾಲೆಗೆ ಏಕೆ ಸೇರಿದೆ ಎಂದು ಕೇಳಿದ್ದೀರಿ. ಎರಡು ವರ್ಷದ ಹಿಂದೆ ನನಗೊಂದು ಹೆಣ್ಣುಮಗು ಹುಟ್ಟಿ ವಾರದೊಳಗೆ ಹೋಯಿತು. ನಾನು ನಿಮಗೆ ತಿಳಿಸಿದ್ದೆ. ನೀವು ಸಮಾಧಾನ ಹೇಳಿ ಒಂದು ಪುಸ್ತಕ ಕಳಿಸಿದ್ದಿರಿ, ಒಳ್ಳೆಯ ಪುಸ್ತಕವೇ. ನಮ್ಮ ಅಣ್ಣ ಗೌತಮ ಬಂದು ಎಲ್ಲವೂ ಅನಿತ್ಯ ಎಂದು ಹೇಳಿ ಹೋದ. ಅವನ ಮಾತಿನಲ್ಲಿ ತಪ್ಪಿಲ್ಲ. ಆದರೆ ಎದೆಹಾಲು ಸೋರಿ ಕುಪ್ಪಸ ತೋಯುತ್ತಿದ್ದಾಗ ಮನೆಗೆ ಬಂದು, ನನ್ನ ತಲೆ ಬಾಚಿ, ಒಲೆ ಹಚ್ಚಿ ರೊಟ್ಟಿ ಬಡಿದವರು ಆ ಪಡಸಾಲೆಯ ಹೆಂಗಸರು. ಮಗಳು ಸತ್ತಿಲ್ಲ, ಮಲಗಿದ್ದಾಳೆ, ಆ ದಿನ ಎದ್ದು ಬರುತ್ತಾಳೆ ಎಂದವರೂ ಅವರೇ. ಅವಳ ಗೋರಿ ಮರಡಿಯ ಬುಡದಲ್ಲೇ ಇದೆ.

ನಿಮಗೆ ಇದು ಎರಡು ಸಾವಿರ ವರ್ಷದ ಹಿಂದಿನ ವಿಷಯ. ನನಗೆ ನನ್ನ ಮಗಳನ್ನು ಎತ್ತಿಕೊಳ್ಳುವ ದಿನ. ಅವಳು ಎದ್ದು ಹುಡುಕುವಾಗ ನಾನು ಫ್ಯಾನಿನ ಕೆಳಗೆ ಮಲಗಿರಲೇ? ಹೊಟ್ಟೆಯಲ್ಲಿರುವ ಕೂಸಿಗೆ ಏನಾದರೂ ಆದೀತೆಂದು ಹೆದರಿಕೆ ಇದೆ. ಹೋಗದಿದ್ದರೆ ಗೋರಿಯಲ್ಲಿ ಮಲಗಿದವಳನ್ನು ಕಳೆದುಕೊಂಡೇನೆಂದೂ ಹೆದರಿಕೆ ಇದೆ.

ಇನ್ನು ಬರೆಯಬೇಡಿ.

ಸಪ್ನಾ


ಬ್ರಹ್ಮಪುರ, ಕಲಬುರಗಿ
೨೩ ಏಪ್ರಿಲ್ ೨೦೨೪

ಸಪ್ನಾ, ಮಗಳೇ,

ಬರೆಯಬೇಡ ಎಂದಿದ್ದೀ. ಇದೊಂದನ್ನು ಓದು.

ನಾನು ಪುಸ್ತಕ ಕಳಿಸಿದ್ದು ನಿಜ. ಬಸ್ಸು ಹತ್ತಿದರೆ ಗಂಟೆಯೊಳಗೆ ನಿಮ್ಮೂರು. ಆದರೂ ಬರಲಿಲ್ಲ. ನಿನ್ನ ಕಾಗದ ಓದಿ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಪೊಲೀಸರ ಬಳಿ ಹೋಗುವುದಿಲ್ಲ, ಮಾತು ಕೊಡುತ್ತೇನೆ.

ಆ ಗ್ರೀಕರ ಬಂದರು ಪಟ್ಟಣದ ಕಥೆಯಲ್ಲಿ ಕೆಲಸ ಬಿಟ್ಟವರ ವಿಷಯ ಬರೆದೆನಲ್ಲ, ಮುಖ್ಯವಾದದ್ದನ್ನೇ ಬಿಟ್ಟಿದ್ದೆ. ಅವರ ಸಭೆಯಲ್ಲಿ ಕೆಲವರು ತೀರಿಕೊಂಡಿದ್ದರು. ಸ್ವಾಮಿ ಬರುವ ಮೊದಲೇ ಸತ್ತವರ ಗತಿಯೇನು, ನಮ್ಮವರನ್ನು ಬಿಟ್ಟು ನಾವಷ್ಟೇ ಹೋಗುವುದೇ ಎಂದು ಅವರು ಅತ್ತರು. ಅವರಿಗೆ ಬೇಕಾಗಿದ್ದದ್ದು ಲೋಕದ ಅಂತ್ಯವಲ್ಲ, ತಮ್ಮ ಮನೆಯವರು. ನನ್ನ ಪ್ರಬಂಧದಲ್ಲಿ ಇದಕ್ಕೆ ಕೊಟ್ಟದ್ದು ಅರ್ಧ ಪುಟ. ಮೊನ್ನೆ ತೆಗೆದು ನೋಡಿದೆ, ಅದರಲ್ಲಿ ಒಂದು ಹನಿ ಕಣ್ಣೀರಿಲ್ಲ.

ಅವರಿಗೆ ಅವರ ಗುರು ಕೊಟ್ಟ ಉತ್ತರ ಇಷ್ಟು: ಮಲಗಿರುವವರು ಹಿಂದೆ ಉಳಿಯುವುದಿಲ್ಲ, ಮೊದಲು ಏಳುವವರೇ ಅವರು. ಯಾರೂ ಯಾರನ್ನೂ ತಪ್ಪಿಸಿಕೊಳ್ಳುವುದಿಲ್ಲ. ಆ ಉತ್ತರದಲ್ಲಿ ಗುಡ್ಡ ಹತ್ತಬೇಕು ಎಂದಿಲ್ಲ, ಬಾಯಾರಬೇಕು ಎಂದೂ ಇಲ್ಲ. ನಾನು ನಿನ್ನ ನಂಬಿಕೆಯವಳಲ್ಲ, ಆದರೂ ಇದನ್ನು ಸುಳ್ಳು ಹೇಳುತ್ತಿಲ್ಲ. ನಿನ್ನ ಮಗಳು ನಿನ್ನನ್ನು ಹುಡುಕುವುದಾದರೆ ನೀನು ಎಲ್ಲಿದ್ದರೂ ಸಿಗುತ್ತೀ.

ಬಷೀರುನ್ನೀಸಾಳ ಬುಟ್ಟಿಯಲ್ಲಿ ನೀರಿಗೆ ಹಾಕಿ ಕುಡಿಯುವ ಗ್ಲೂಕೋಸ್ ಪುಡಿ ಇಟ್ಟಿದ್ದೇನೆ. ಉತ್ತರ ಬರೆಯದಿದ್ದರೂ ಪರವಾಗಿಲ್ಲ, ಕುಡಿ.

ಪದ್ಮಜಾ


ಬ್ರಹ್ಮಪುರ, ಕಲಬುರಗಿ
೨ ಮೇ ೨೦೨೪

ಸಪ್ನಾ,

ನೀನು ಬರೆದಿಲ್ಲ. ದಿನಾ ಹತ್ತು ಗಂಟೆಗೆ ಓಣಿಯ ಬಾಯಿಗೆ ಹೋಗಿ ನಿಲ್ಲುತ್ತೇನೆ. ಬಷೀರುನ್ನೀಸಾ ದೂರದಿಂದಲೇ ಇಲ್ಲವೆಂದು ಕೈಯಾಡಿಸುತ್ತಾಳೆ.

ಇವತ್ತು ಅವಳು ಬೇರೆ ಸುದ್ದಿ ಹೇಳಿದಳು. "ಬಾಯಿ, ಆಕಿ ಕಾಲು ಬಾತಾವ್ರಿ, ಚಪ್ಪಲಿ ಹಾಕ್ಕೊಳ್ಳಾಕ ಬರವಲ್ದು. ತಲಿ ಒಂದೇ ಸವನ ನೋಯ್ತದಂತ ಪಟ್ಟಿ ಕಟ್ಟಿಕೊಂಡು ಕುಂತಾಳ." ನನ್ನ ಅಕ್ಕನಿಗೆ ಎಂಟನೇ ತಿಂಗಳಲ್ಲಿ ಹೀಗೇ ಆಗಿತ್ತು. ರಕ್ತದೊತ್ತಡ ಏರಿ ಫಿಟ್ಸ್ ಬಂದು ತಾಯಿ ಮಗು ಇಬ್ಬರೂ ಉಳಿಯಲಿಲ್ಲ. ಇದನ್ನು ನಿನ್ನನ್ನು ಹೆದರಿಸಲೆಂದೇ ಬರೆಯುತ್ತಿದ್ದೇನೆ, ಹೆದರಿಕೋ. ನಿಮ್ಮೂರ ಸರಕಾರಿ ಆಸ್ಪತ್ರೆಯಲ್ಲಿ ಅಂಜನಾ ಎಂಬ ನರ್ಸ್ ಇದ್ದಾಳೆಂದು ಬಷೀರುನ್ನೀಸಾ ಹೇಳಿದಳು. ಅವಳ ಬಳಿ ಹೋಗಿ ಬಿ.ಪಿ. ನೋಡಿಸು. ಸಭೆ ಬಿಡು ಎನ್ನುವುದಿಲ್ಲ, ನಂಬಿಕೆ ಬಿಡು ಎನ್ನುವುದಿಲ್ಲ. ಕೈ ಚಾಚಿ ಪಟ್ಟಿ ಕಟ್ಟಿಸಿಕೊಳ್ಳಲು ಎಷ್ಟು ಹೊತ್ತು ಬೇಕು?

ಪದ್ಮಜಾ


ಕಮಲಾಪುರ
೭ ಮೇ ೨೦೨೪

ಮೇಡಂ,

ಇವತ್ತು ಇಲ್ಲೆಲ್ಲ ಮತದಾನ. ನಮ್ಮ ಸಭೆಯವರು ಯಾರೂ ಹೋಗಿಲ್ಲ, ಐದು ವರ್ಷದ ಮಾತು ನಮಗೇಕೆ ಎಂದು ಪಾಸ್ಟರ್ ನಗುತ್ತ ಹೇಳಿದರು. ಅತ್ತೆ ಹಣಮಮ್ಮ ಮಾತ್ರ ಯಾರಿಗೂ ಹೇಳದೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದು, ಸೆರಗಿನಲ್ಲಿ ಬೆರಳು ಮುಚ್ಚಿಕೊಂಡು ಕುಳಿತಿದ್ದಾರೆ.

ಆಸ್ಪತ್ರೆಗೆ ಹೋಗಲಿಲ್ಲ. ಇನ್ನೆರಡು ದಿನಕ್ಕೆ ಏಕೆ ಎಂದರು ನಮ್ಮ ಮನೆಯವರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ ಎಂದರು. ಅವರು ಮಗಳಿಗೆಂದು ಒಂದು ಸಣ್ಣ ಅಂಗಿ ತಂದಿದ್ದಾರೆ. ಮಣ್ಣಿನಿಂದ ಏಳುವಾಗ ಮೈಮೇಲೆ ಏನೂ ಇರುವುದಿಲ್ಲವಲ್ಲ ಎಂದರು. ಅದನ್ನು ನೋಡಿದ ಮೇಲೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತುತ್ತೇವೆ. ನಿಮ್ಮ ಏಪ್ರಿಲ್ ಕಾಗದಗಳನ್ನು ಬಹಳ ಸಲ ಓದಿದ್ದೇನೆ. ಒಂದೇ ಒಂದು ಪ್ರಶ್ನೆ ಉಳಿದಿದೆ. ಸಿರಿಯಾದ ಆ ಜನರಲ್ಲಿ ಬಸುರಿಯರೂ ಇದ್ದಿರಬೇಕು. ಅವರು ಏನಾದರು? ಎಲ್ಲಾದರೂ ಬರೆದಿದೆಯೇ?

ನೀವು ಬರಬೇಡಿ. ಬಿಸಿಲು ವಿಪರೀತ.

ಸಪ್ನಾ


ಬ್ರಹ್ಮಪುರ, ಕಲಬುರಗಿ
೮ ಮೇ ೨೦೨೪

ಸಪ್ನಾ,

ಬರೆದಿಲ್ಲ. ಇವತ್ತು ಮತ್ತೆ ಎಲ್ಲ ತೆಗೆದು ನೋಡಿದೆ. ಬರೆದವರು ಗಂಡಸರು. ಹೋದವರಲ್ಲಿ ಹೆಂಗಸರಿದ್ದರು, ಮಕ್ಕಳಿದ್ದರು ಎಂಬಲ್ಲಿಗೆ ಅವರ ಲೇಖನಿ ನಿಂತಿದೆ. ಯಾರು ಎಲ್ಲಿ ಹೆತ್ತಳು, ಯಾರು ಉಳಿದಳು, ಯಾರಿಗೂ ಗೊತ್ತಿಲ್ಲ. ನಿನ್ನ ವಿಷಯದಲ್ಲಿ ಹಾಗಾಗಲು ನಾನು ಬಿಡುವುದಿಲ್ಲ.

ನಾಳೆ ಮೊದಲ ಬಸ್ಸಿಗೆ ಬರುತ್ತೇನೆ. ಮರಡಿ ಹತ್ತಿ ನಿನ್ನ ಪಕ್ಕದಲ್ಲಿ ಕೂರುತ್ತೇನೆ. ಇಳಿ ಎಂದು ಒಂದು ಮಾತೂ ಆಡುವುದಿಲ್ಲ, ಪಾಸ್ಟರ್ ಜೊತೆ ವಾದ ಮಾಡುವುದಿಲ್ಲ. ನೀರು ತರುತ್ತೇನೆ. ನೀನು ಕುಡಿದರೆ ನಾನೂ ಕುಡಿಯುತ್ತೇನೆ, ನೀನು ಕುಡಿಯದಿದ್ದರೆ ನನಗೂ ಬೇಡ. ನನ್ನ ಹಟ ಎಂಥದ್ದೆಂದು ನಿಮ್ಮ ಬ್ಯಾಚಿನವರಿಗೆಲ್ಲ ಗೊತ್ತು.

ಪದ್ಮಜಾ


ಕಲಬುರಗಿ, ಆಸ್ಪತ್ರೆಯ ಹೆರಿಗೆ ವಾರ್ಡು
೨೦ ಮೇ ೨೦೨೪

ಪ್ರೀತಿಯ ಮೇಡಂ,

ನಿಮ್ಮನ್ನು ಮನೆಗೆ ಕಳಿಸಿದ್ದಾರೆ, ಹಾಸಿಗೆಯಿಂದ ಏಳಲು ನಿಮ್ಮ ಮಗಳು ಬಿಡುತ್ತಿಲ್ಲ ಎಂದು ಬಷೀರುನ್ನೀಸಾ ಹೇಳಿದರು. ಒಳ್ಳೆಯದಾಯಿತು. ಮರಡಿಯ ಮೇಲೆ ಹೊತ್ತೇರಿದ ಮೇಲೆ ಏನಾಯಿತೆಂದು ನಿಮಗೆ ಒಂದೂ ನೆನಪಿಲ್ಲವಂತೆ. ನೀವೂ ನಿಮ್ಮ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದಿರಿ. ಉಳಿದದ್ದನ್ನು ನಾನು ಹೇಳುತ್ತೇನೆ.

ಬಂದಿರಿ, ನನ್ನ ಪಕ್ಕ ಕುಳಿತಿರಿ, ಬಾಟಲಿಯನ್ನು ನಮ್ಮಿಬ್ಬರ ನಡುವೆ ಇಟ್ಟಿರಿ. ಕೊಡೆಯನ್ನು ನನ್ನ ತಲೆಯ ಮೇಲೆ ಹಿಡಿದಿರಿ, ನಿಮ್ಮ ತಲೆಯ ಮೇಲೆ ಸೆರಗು ಮಾತ್ರ. ಹಾಡುವವರು ಹಾಡುತ್ತಿದ್ದರು. ಕಲ್ಲ ಮೇಲೆ ಕೈ ಇಡಲಾಗುತ್ತಿರಲಿಲ್ಲ. ನನ್ನ ಕಣ್ಣೆದುರು ಮಿಂಚುಹುಳದಂಥ ಚುಕ್ಕೆಗಳು ಬರತೊಡಗಿದವು. ಸ್ವಾಮಿ ಬರುವ ಬೆಳಕೆಂದು ನಾನು ನಂಬಿದೆ. ನಿಜ ಹೇಳುತ್ತೇನೆ ಮೇಡಂ, ಸಂತೋಷವಾಯಿತು. ಅಷ್ಟರಲ್ಲಿ ಕೊಡೆ ವಾಲಿತು, ನೀವು ನನ್ನ ತೊಡೆಯ ಮೇಲೆ ಬಿದ್ದಿರಿ.

ನಿಮ್ಮ ಮೈ ಬೆಂಕಿಯಾಗಿತ್ತು. ಬಾಟಲಿ ತೆರೆದು ಬಾಯಿಗೆ ಹಿಡಿದರೆ ನೀವು ಹಲ್ಲು ಕಚ್ಚಿದಿರಿ. ಅರೆಪ್ರಜ್ಞೆಯಲ್ಲೂ ಅದೇ ಮಾತು: "ಮೊದಲ ನೀ ಕುಡಿ." ಪಾಸ್ಟರ್ ಓಡಿಬಂದು, "ಇನ್ನೊಂದೀಟು ಹೊತ್ತು ತಡಿಯವ್ವ, ಸ್ವಾಮಿ ಹತ್ತರದಾಗ ಅದಾನ" ಎಂದರು. ಅವರ ತುಟಿಯೂ ಬಿರಿದಿತ್ತು, ಕಣ್ಣಲ್ಲಿ ನೀರಿತ್ತು. ನಮ್ಮ ಮನೆಯವರು ಅಂಗಿಯನ್ನು ಕೈಯಲ್ಲಿ ಹಿಡಿದು ಗೋರಿಗಳ ಕಡೆ ನೋಡುತ್ತ ನಿಂತಿದ್ದರು. ಕುಡಿದರೆ ಎಲ್ಲ ಮುಗಿಯಿತು, ಮಗಳು ಬರುವ ದಾರಿಯನ್ನು ನಾನೇ ಮುಚ್ಚಿದಂತೆ ಎನಿಸಿತು. ಕುಡಿಯದಿದ್ದರೆ ನೀವು ನನ್ನ ತೊಡೆಯ ಮೇಲೇ ಸಾಯುತ್ತಿದ್ದಿರಿ.

ಕುಡಿದೆ. ಎಲ್ಲರೂ ನೋಡುತ್ತಿದ್ದಂತೆ ಗಟಗಟ ಕುಡಿದು, "ನೋಡ್ರಿ, ಕುಡದೀನಿ, ಬಾಯಿ ತೆಗೀರಿ" ಎಂದು ನಿಮ್ಮ ಮೇಲೆ ಕಿರುಚಿದೆ. ಆಗ ಬಾಯಿ ತೆರೆದಿರಿ.

ಅತ್ತೆ ಎದ್ದು ನಿಂತು, "ಪಾಸ್ಟರ್ ಸಾಬ್, ಸ್ವಾಮಿ ಬಂದ್ರ ಮರಡಿಗೂ ಬರ್ತಾನ, ದವಾಖಾನಿಗೂ ಬರ್ತಾನ. ದತ್ತಪ್ಪ, ಏನು ನೋಡ್ತೀಯೋ, ಈ ಬಾಯಿಯವ್ರನ್ನ ಎತ್ತಿಕೋ" ಎಂದರು. ನಮ್ಮ ಮನೆಯವರು ಅಂಗಿಯನ್ನು ಜೇಬಿಗೆ ಹಾಕಿ ನಿಮ್ಮನ್ನು ಎರಡೂ ತೋಳಲ್ಲಿ ಎತ್ತಿಕೊಂಡರು. ಬ್ರಹ್ಮಪುರದ ನಿಮ್ಮ ನೆಂಟರು ನೋಡಬೇಕಿತ್ತು. ಬಷೀರುನ್ನೀಸಾ ಮೊದಲೇ ಹೇಳಿಟ್ಟಿದ್ದರಿಂದ ಕೆಳಗೆ ಅವರ ಮಗ ಫುರ್ಕಾನನ ಟಂಟಂ ಆಟೊ ನಿಂತಿತ್ತು. ಆಸ್ಪತ್ರೆಯಲ್ಲಿ ಅಂಜನಾ ಸಿಸ್ಟರ್ ನಿಮಗೆ ಸಲೈನ್ ಹಚ್ಚಿ ನನ್ನತ್ತ ತಿರುಗಿದರು. ನನ್ನ ಮುಖ ನೋಡಿ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿದರು. ಅಂಕಿ ನೋಡಿದವರೇ ಆಂಬ್ಯುಲೆನ್ಸಿಗೆ ಫೋನು ಹಚ್ಚಿದರು. ನಿಮ್ಮನ್ನೂ ನನ್ನನ್ನೂ ಒಂದೇ ಗಾಡಿಯಲ್ಲಿ ಕಲಬುರಗಿಗೆ ತಂದರು. ಅಂದು ಸಂಜೆಯೇ ಆಪರೇಷನ್ ಆಯಿತು.

ಹೆಣ್ಣುಮಗು. ಅಂಗೈಯಗಲ ಇದ್ದಾಳೆ, ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ. ನಿನ್ನೆಯಿಂದ ಕೊಳವೆಯಿಲ್ಲದೆ ಉಸಿರಾಡುತ್ತಿದ್ದಾಳೆ. ಉಳಿಯುತ್ತಾಳೆ ಎಂದು ಡಾಕ್ಟರು ಇವತ್ತು ಬಾಯಿಬಿಟ್ಟು ಹೇಳಿದರು. ಆ ಅಂಗಿ ಇವಳಿಗೆ ದೊಡ್ಡದು. ಹಾಕಬೇಡಿ, ಅದು ಇವಳದಲ್ಲ ಎಂದೆ. ನಮ್ಮ ಮನೆಯವರು ಒಪ್ಪಿದರು.

ಉಳಿದವರು ಹೊತ್ತು ಮುಳುಗಿದ ಮೇಲೆ ಇಳಿದರಂತೆ. ಟ್ರಂಕು ತೆರೆದು ತಮ್ಮ ತಮ್ಮ ಫೋನು ತೆಗೆದುಕೊಂಡು ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋದರಂತೆ. ಪಾಸ್ಟರ್ ಅವತ್ತಿನಿಂದ ಬಾಗಿಲು ತೆರೆದಿಲ್ಲ. ಪಡಸಾಲೆಯ ಹೆಂಗಸರು ಕಿಟಕಿಯಿಂದ ರೊಟ್ಟಿ ಇಟ್ಟು ಬರುತ್ತಾರೆ. ನಮ್ಮ ಮನೆಯವರು ಮೊನ್ನೆ ಆ ಅರ್ಧ ಗೋಡೆಯ ಕೆಲಸಕ್ಕೆ ಹೋದರು. ಮಾಲೀಕ ಬೈಯಲಿಲ್ಲ, ಚಹಾ ಕೊಟ್ಟನಂತೆ. ಚಹಾ ಕುಡಿಯುತ್ತ ಅತ್ತುಬಿಟ್ಟೆ ಎಂದು ಬಂದು ಹೇಳಿದರು.

ನಾನು ನಂಬಿಕೆ ಬಿಟ್ಟೆನೆಂದು ನೀವು ಹಿಗ್ಗಬೇಡಿ, ಬಿಟ್ಟಿಲ್ಲ. ದಿನ ಗೊತ್ತಿದೆ ಎನ್ನುವವರ ಮಾತನ್ನು ಮಾತ್ರ ಇನ್ನು ಕೇಳುವುದಿಲ್ಲ.

ಇದೊಂದನ್ನು ನಮ್ಮ ಮನೆಯವರಿಗೂ ಹೇಳಿಲ್ಲ. ಅವರು ನಿಮ್ಮನ್ನು ಎತ್ತಿಕೊಂಡು ಮುಂದೆ ಇಳಿಯುತ್ತಿದ್ದರು, ಅತ್ತೆ ನನ್ನ ಕೈ ಹಿಡಿದಿದ್ದರು. ಮರಡಿಯ ಬುಡಕ್ಕೆ ಬಂದಾಗ ಅತ್ತೆಯ ಕೈ ಬಿಡಿಸಿಕೊಂಡು ಗೋರಿಯ ಹತ್ತಿರ ಹೋದೆ. ಬಗ್ಗಲು ಬರಲಿಲ್ಲ, ನಿಂತೇ ಹೇಳಿದೆ: "ಇನ್ನಾ ತಡ ಅದ ನನ್ನವ್ವಾ, ನೀ ಮಲಕೊ." ಹೇಳಿ ನಿಮ್ಮ ಹಿಂದೆ ನಡೆದೆ.

ನಿಮ್ಮ
ಸಪ್ನಾ